ಓದುಗರ ಪ್ರಶ್ನೆ: ದೆಬೀರ್ ಪಕ್ಕ ಆ ಪ್ರಶ್ನಾರ್ಥಕ ಚಿಹ್ನೆ ಎಂತಕ್ಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ತೀರ್ಥಹಳ್ಳಿ ಕಡೆಯವರು. ಭಾನುವಾರ ಚರ್ಚಲ್ಲಿ ಮಕ್ಕಳಿಗೆ ಬೈಬಲ್ ಕಥೆ ಹೇಳೋದು ನನ್ನ ಪಾಲಿನ ಕೆಲಸ. ಯೆಹೋಶುವನ ಪುಸ್ತಕದ 15ನೇ ಅಧ್ಯಾಯದಲ್ಲಿ ದೆಬೀರ್ ಅಂತ ಒಂದು ಊರು ಬರ್ತದೆ, ಆ ಊರನ್ನ ಯಾರು ಗೆಲ್ತಾರೋ ಅವರಿಗೆ ಮಗಳು ಅಕ್ಷಾಳನ್ನ ಕೊಡ್ತೀನಿ ಅಂತ ಕಾಲೇಬ ಹೇಳ್ತಾನೆ, ಒತ್ನೀಯೇಲ ಗೆದ್ದು ಮದುವೆ ಆಗ್ತಾನೆ, ಆಮೇಲೆ ಮಗಳು ಕತ್ತೆ ಮೇಲಿಂದ ಇಳಿದು "ಒಣ ಭೂಮಿ ಕೊಟ್ಟಿದೀಯ, ನೀರಿನ ಬುಗ್ಗೆನೂ ಕೊಡು" ಅಂತ ಅಪ್ಪನ ಹತ್ರ ಕೇಳ್ತಾಳೆ. ಇದನ್ನ ಹೇಳುವಾಗ ಒಂದು ಹುಡುಗಿ "ಆ ಊರು ಈಗ ಎಲ್ಲಿದೆ ಮಿಸ್" ಅಂದ್ಲು. ನನ್ನ ಬೈಬಲ್ ಹಿಂದಿನ ಮ್ಯಾಪಲ್ಲಿ ದೆಬೀರ್ ಅಂತ ಹಾಕಿ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದಾರೆ. ನಮ್ಮ ಮಾವನವರ ಹಳೇ ಪುಸ್ತಕದ ಮ್ಯಾಪಲ್ಲಿ ಬೇರೆ ಜಾಗದಲ್ಲಿದೆ, ಅಲ್ಲಿ ಚಿಹ್ನೆ ಗಿಹ್ನೆ ಎಂತದೂ ಇಲ್ಲ. ಯಾವುದು ಸರಿ? ಇಷ್ಟು ಹಳೇ ಊರನ್ನ ಅಸಲಿಗೆ ಹುಡುಕೋದು ಹೆಂಗೆ?

ಉತ್ತರ: ಟೀಚರ್, ಎರಡೂ ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ. ಮಾವನವರ ಪುಸ್ತಕ 1970ಕ್ಕಿಂತ ಹಿಂದಿನದ್ದಿರಬೇಕು, ಆಗಿನ ಮ್ಯಾಪ್‌ಗಳಲ್ಲಿ ದೆಬೀರನ್ನ ತೆಲ್ ಬೇತ್ ಮಿರ್ಸಿಮ್ ಅನ್ನೋ ದಿಬ್ಬದ ಮೇಲೆ ಕೂರಿಸ್ತಿದ್ರು. ಈಚಿನ ಮ್ಯಾಪ್‌ಗಳು ಖಿರ್ಬೆತ್ ರಬೂದ್ ಅನ್ನೋ ಹಾಳೂರಿಗೆ ಬಂದಿದಾವೆ. ಎರಡೂ ಹೆಬ್ರೋನ್ ಪಟ್ಟಣದ ನೈಋತ್ಯಕ್ಕೇ ಇರೋದು, ರಬೂದ್ ಹೆಬ್ರೋನಿನಿಂದ ಸುಮಾರು 13 ಕಿಲೋಮೀಟರ್, ಬೇತ್ ಮಿರ್ಸಿಮ್ ಸುಮಾರು 20. ಒಂದಕ್ಕೊಂದು ಹತ್ತು ಕಿಲೋಮೀಟರ್ ಆಸುಪಾಸು, ನಿಮಗೆ ಆಗುಂಬೆಗೆ ಹೋಗೋ ಅಷ್ಟೂ ದೂರ ಇಲ್ಲ. ಆದ್ರೆ ಒಂದು ಇರೋದು ಬೆಟ್ಟದಲ್ಲಿ, ಇನ್ನೊಂದು ಬೆಟ್ಟ ಇಳಿದ ಮೇಲೆ ಸಿಗೋ ತಗ್ಗಿನ ಸೀಮೆಯಲ್ಲಿ. ಜಗಳ ಇರೋದೇ ಅಲ್ಲಿ.

ನೀವು ತೋಟಾನೋ ಸೈಟೋ ಕೊಂಡಿದ್ರೆ ಕ್ರಯಪತ್ರದ ಕೊನೆಗೆ ಚಕ್ಕುಬಂದಿ ಅಂತ ಬರೆದಿರೋದು ನೋಡಿರ್ತೀರಿ, ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸರ್ಕಾರಿ ರಸ್ತೆ ಅಂತ. ಸರ್ವೆ ನಂಬರ್ ಅಳಿಸಿ ಹೋಗಿದ್ರೂ ಆ ನಾಲ್ಕು ದಿಕ್ಕಿನವರು ಯಾರು ಅಂತ ಗೊತ್ತಾದ್ರೆ ನಡುವಿನ ಜಾಗ ತಾನಾಗೇ ಸಿಗ್ತದೆ. ಬೈಬಲ್ಲಿನ ಸಣ್ಣ ಊರುಗಳನ್ನ ಹುಡುಕೋದು ಹೆಚ್ಚುಕಮ್ಮಿ ಹಿಂಗೇ. ಜನ ಏನಂದ್ಕೊಂಡಿದಾರೆ ಅಂದ್ರೆ ಯಾರೋ ಹೋಗಿ ಅಗೀತಾರೆ, ಊರ ಹೆಸರು ಕೆತ್ತಿದ ಕಲ್ಲು ಸಿಗ್ತದೆ, ಮುಗೀತು ಅಂತ. ಅಂಥ ಅದೃಷ್ಟ ಬಹಳ ಕಡಿಮೆ ಊರುಗಳಿಗೆ ಸಿಕ್ಕಿರೋದು, ದೆಬೀರ್‌ಗೆ ಸಿಕ್ಕಿಲ್ಲ.

ದೆಬೀರಿನ ಚಕ್ಕುಬಂದಿ ನೀವು ಹೇಳಿದ ಅದೇ 15ನೇ ಅಧ್ಯಾಯದಲ್ಲಿದೆ, ಆದ್ರೆ ಮಕ್ಕಳಿಗೆ ಕಥೆ ಹೇಳುವಾಗ ಎಲ್ಲರೂ ಹಾರಿಸಿಬಿಡೋ ಭಾಗದಲ್ಲಿ. ಆ ಅಧ್ಯಾಯದ ಅರ್ಧಕ್ಕಿಂತ ಹೆಚ್ಚು ಬರೀ ಊರ ಹೆಸರುಗಳ ಪಟ್ಟಿ. ಯೂದ ಕುಲದ ಊರುಗಳನ್ನ ದಕ್ಷಿಣದ ಒಣ ಸೀಮೆ, ತಗ್ಗಿನ ಸೀಮೆ, ಬೆಟ್ಟದ ಸೀಮೆ, ಅಡವಿ ಅಂತ ಭಾಗ ಮಾಡಿ, ಒಂದೊಂದು ಭಾಗದೊಳಗೂ ಮತ್ತೆ ಗುಂಪು ಗುಂಪಾಗಿ ಬರೆದಿದಾರೆ. 48ನೇ ವಚನದಿಂದ 51ರವರೆಗೆ ಓದಿ. ಬೆಟ್ಟದ ಸೀಮೆಯ ಮೊದಲನೇ ಗುಂಪು ಅದು, ಶಾಮೀರ್, ಯತ್ತೀರ್, ಸೋಕೋ, ದನ್ನಾ, ದೆಬೀರ್, ಅನಾಬ್, ಎಷ್ಟೆಮೋ, ಆನೀಮ್, ಗೋಷೆನ್, ಹೋಲೋನ್, ಗಿಲೋ, ಒಟ್ಟು ಹನ್ನೊಂದು ಊರು. ಇದರಲ್ಲಿ ಕೆಲವು ಊರುಗಳ ಹೆಸರು ಆ ಸೀಮೆಯ ಅರಬ್ಬಿ ಮಾತಾಡೋ ಜನರ ಬಾಯಲ್ಲಿ ಉಳ್ಕೊಂಡು ಬಂದಿದೆ. ಎಷ್ಟೆಮೋ ಈಗಿನ ಸಮೂ, ಯತ್ತೀರ್ ಅತ್ತೀರ್, ಸೋಕೋ ಶುವೈಕೆ, ಆನೀಮ್ ಘುವೈನ್, ಅನಾಬ್ ಅಂತೂ ಅನಾಬ್ ಆಗೇ ಇದೆ. ಇವನ್ನೆಲ್ಲ ಮ್ಯಾಪಲ್ಲಿ ಗುರುತು ಹಾಕಿದ್ರೆ ಹೆಬ್ರೋನಿನ ದಕ್ಷಿಣದ ಬೆಟ್ಟಗಳಲ್ಲಿ ಒಂದೇ ಕಡೆ ಗುಂಪಾಗಿ ಬೀಳ್ತಾವೆ. ದೆಬೀರ್ ಆ ಗುಂಪಿನೊಳಗೇ ಎಲ್ಲೋ ಇರಬೇಕು. ರಬೂದ್ ಸರಿಯಾಗಿ ಅಲ್ಲೇ ಬರ್ತದೆ. ಬೇತ್ ಮಿರ್ಸಿಮ್ ಇರೋದು ಗುಂಪಿನಿಂದ ಆಚೆ, ತಗ್ಗಿನ ಸೀಮೆಯಲ್ಲಿ, ಆ ಸೀಮೆಗೆ ಇದೇ ಅಧ್ಯಾಯದಲ್ಲಿ ಬೇರೆ ಪಟ್ಟಿನೇ ಇದೆ, ಲಾಕೀಷ್, ಎಗ್ಲೋನ್, ಲಿಬ್ನಾ ಎಲ್ಲ ಅದರಲ್ಲಿ ಬರೋದು, ದೆಬೀರ್ ಇಲ್ಲ.

ಇಷ್ಟು ಸಲೀಸಾಗಿ ಕಾಣೋದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ಬಹುದು. ಕಾರಣ ಇದೆ. ಈ ಕೆಲಸವನ್ನ ಸರಿಯಾಗಿ ಶುರು ಮಾಡಿದ್ದು ಎಡ್ವರ್ಡ್ ರಾಬಿನ್‌ಸನ್ ಅನ್ನೋ ಅಮೆರಿಕದ ಬೈಬಲ್ ಪಂಡಿತ, 1838ರಲ್ಲಿ, ಜೊತೆಗೆ ಅರಬ್ಬಿ ಚೆನ್ನಾಗಿ ಬರ್ತಿದ್ದ ಮಿಷನರಿ ಈಲೈ ಸ್ಮಿತ್. ಅವರಿಬ್ಬರೂ ಅಲ್ಲಿ ಓಡಾಡಿ ಒಂದು ರಾಶಿ ಊರುಗಳನ್ನ ಗುರುತಿಸಿದ್ರು. ಆಮೇಲೆ 1865ರಲ್ಲಿ ಲಂಡನ್ನಿನಲ್ಲಿ ಪ್ಯಾಲೆಸ್ಟೈನ್ ಎಕ್ಸ್‌ಪ್ಲೊರೇಷನ್ ಫಂಡ್ ಅಂತ ಸಂಸ್ಥೆ ಹುಟ್ಟಿತು, ಅವರು 1871ರಿಂದ 1877ರವರೆಗೆ ಇಡೀ ಪಶ್ಚಿಮ ಪ್ಯಾಲೆಸ್ಟೈನನ್ನ ಒಂದು ಮೈಲಿಗೆ ಒಂದು ಇಂಚು ಲೆಕ್ಕದಲ್ಲಿ ಸರ್ವೆ ಮಾಡಿಸಿದ್ರು. ಸರ್ವೆ ಮಾಡಿದ ಸೇನೆಯ ಅಧಿಕಾರಿಗಳಲ್ಲಿ ಇಬ್ಬರ ಹೆಸರು ಮುಖ್ಯ, ಕಾಂಡರ್ ಮತ್ತು ಕಿಚನರ್. ಹೌದು, ಮುಂದೆ 1902ರಲ್ಲಿ ಇಂಡಿಯಾದ ಸೇನೆಗೆ ಕಮಾಂಡರ್ ಇನ್ ಚೀಫ್ ಆಗಿ ಬಂದು ಕೂತ ಅದೇ ಲಾರ್ಡ್ ಕಿಚನರ್, ಹರೆಯದಲ್ಲಿ ಬೈಬಲ್ ಊರು ಅಳೀತಾ ಬಿಸಿಲಲ್ಲಿ ತಿರುಗಿದ್ದ ಮನುಷ್ಯ. ದೆಬೀರ್ ವಿಷಯಕ್ಕೆ ಬಂದ್ರೆ ಕಾಂಡರ್ ಒಲವು ದಾಹಿರಿಯೆ ಅನ್ನೋ ಊರಿನ ಕಡೆಗಿತ್ತು. ಅದು ಬೆಟ್ಟದ ಸೀಮೆಯಲ್ಲೇ ಇರೋ ಊರು, ದಿಕ್ಕು ಸರಿಯೇ ಹಿಡಿದಿದ್ರು. ಆದ್ರೆ ಆಗ ಒಂದು ದಿಬ್ಬದ ವಯಸ್ಸು ಎಷ್ಟು ಅಂತ ನೋಡಿ ಹೇಳೋ ವಿದ್ಯೆ ಇರಲಿಲ್ಲ, ಮೇಲೆ ಕಾಣೋ ಗೋಡೆ ರೋಮನ್ನರದ್ದೋ ತುರ್ಕರದ್ದೋ ಅದಕ್ಕಿಂತ ಸಾವಿರ ವರ್ಷ ಹಳೇದೋ ಅಂತ ತಿಳಿಯೋ ದಾರಿ ಇಲ್ಲ.

ಆ ವಿದ್ಯೆ ಬಂದದ್ದು ಮಡಕೆ ಚೂರಿನಿಂದ. ಫ್ಲಿಂಡರ್ಸ್ ಪೆಟ್ರಿ 1890ರಲ್ಲಿ ತೆಲ್ ಎಲ್ ಹೆಸಿ ಅನ್ನೋ ದಿಬ್ಬದಲ್ಲಿ ಪದರ ಪದರವಾಗಿ ಬದಲಾಗೋ ಮಡಕೆಗಳನ್ನ ನೋಡಿ ಕಾಲ ಹೇಳಬಹುದು ಅಂತ ತೋರಿಸಿದ. ಅದನ್ನ ಆ ಸೀಮೆಗೆ ಪಕ್ಕಾ ಲೆಕ್ಕ ಮಾಡಿ ಕೊಟ್ಟವನು ಅಮೆರಿಕದ ವಿಲಿಯಂ ಆಲ್‌ಬ್ರೈಟ್, ಕೊಟ್ಟ ಜಾಗ ನಮ್ಮ ತೆಲ್ ಬೇತ್ ಮಿರ್ಸಿಮ್. 1926ರಿಂದ 1932ರವರೆಗೆ ನಾಲ್ಕು ಸೀಸನ್ ಅಗೆದ. ಬಾಯಿಯ ಅಂಚು ಹೆಂಗೆ ಮಡಚಿದೆ, ಹಿಡಿ ಎಲ್ಲಿ ಅಂಟಿಸಿದಾರೆ, ತಳ ಚಪ್ಪಟೆಯೋ ಉಂಗುರವೋ, ಒಳಗೆ ಕೆಂಪು ಬಳಿದು ಉಜ್ಜಿದಾರೋ ಇಲ್ಲವೋ, ಇಂಥ ಸಣ್ಣ ಸಣ್ಣ ವಿಷಯ ಹಿಡಿದು ಯಾವ ಪದರದಲ್ಲಿ ಯಾವ ಮಡಕೆ ಅಂತ ಪಟ್ಟಿ ಮಾಡಿದ. ಸೈಪ್ರಸ್ ದ್ವೀಪದಿಂದ ಬರ್ತಿದ್ದ ಬಿಳಿ ಲೇಪದ ಮೇಲೆ ಕಂದು ಗೀಟು ಎಳೆದ ಬಟ್ಟಲಿನ ಒಂದು ಚೂರು ಸಿಕ್ರೂ ಸಾಕು, ಅದು ಇಸ್ರಾಯೇಲ್ ರಾಜರಿಗಿಂತ ಹಿಂದಿನ ಕಂಚಿನ ಯುಗದ ಕೊನೆಯ ಪದರ ಅಂತ ಈಗ ಕಾಲೇಜು ಹುಡುಗರೂ ಹೇಳ್ತಾರೆ, ಆ ಮಟ್ಟಕ್ಕೆ ಈ ಲೆಕ್ಕ ಬಂದಿದೆ.

ಆಲ್‌ಬ್ರೈಟ್‌ಗೆ ಬೇತ್ ಮಿರ್ಸಿಮೇ ದೆಬೀರ್ ಅಂತ ಗಟ್ಟಿ ನಂಬಿಕೆ. ಕೋಟೆ ಗೋಡೆ ಇತ್ತು, ಕಂಚಿನ ಯುಗದ ಊರು ಸುಟ್ಟು ಹೋದ ಗುರುತಿತ್ತು, ಯೆಹೋಶುವನ ಪುಸ್ತಕದ 10ನೇ ಅಧ್ಯಾಯದಲ್ಲಿ ದೆಬೀರನ್ನ ನಾಶ ಮಾಡಿದ್ರು ಅಂತ ಬರ್ತದಲ್ಲ, ಅದಕ್ಕೆ ಇದು ತಾಳೆ ಆಯ್ತು ಅಂದ. ಅವನು ದೊಡ್ಡ ವಿದ್ವಾಂಸ, ಅವನ ಮಾತಿಗೆ ಎದುರು ಹೇಳೋರು ಕಮ್ಮಿ, ಹಾಗಾಗಿ ಮ್ಯಾಪ್ ಮಾಡೋರೆಲ್ಲ ಚಿಹ್ನೆ ಕೂಡ ಇಡದೆ ಅಲ್ಲೇ ಹಾಕಿದ್ರು. ನನ್ನ ಕೇಳಿದ್ರೆ ಮಾವನವರ ಮ್ಯಾಪಿನ ದೋಷ ಜಾಗ ಬೇರೆ ಆಗಿದ್ದಲ್ಲ, ಚಿಹ್ನೆ ಇಲ್ಲದ್ದು. ಊರು ಸುಟ್ಟ ಗುರುತು ಆ ಸೀಮೆಯ ಎಷ್ಟೋ ದಿಬ್ಬಗಳಲ್ಲಿ ಸಿಗ್ತದೆ, ಅದೊಂದನ್ನೇ ಹಿಡ್ಕೊಂಡು ಹೆಸರಿಡೋಕಾಗಲ್ಲ.

1954ರಲ್ಲಿ ಕುರ್ಟ್ ಗಾಲಿಂಗ್ ಅನ್ನೋ ಜರ್ಮನ್ ವಿದ್ವಾಂಸ ದೆಬೀರ್ ಬೆಟ್ಟದಲ್ಲಿರಬೇಕಲ್ವಾ, ಹಂಗಾದ್ರೆ ರಬೂದ್ ಯಾಕಾಗಬಾರದು ಅಂದ್ರು. ಆಗ ಆ ಭಾಗ ಜೋರ್ಡಾನ್ ಆಡಳಿತದಲ್ಲಿತ್ತು. 1967ರ ಯುದ್ಧದಲ್ಲಿ ಇಸ್ರೇಲ್ ಅದನ್ನ ಹಿಡ್ಕೊಂಡ ಮೇಲೆ ಅವರ ಪುರಾತತ್ವದವರು ಅಲ್ಲೆಲ್ಲ ಅವಸರದ ಸರ್ವೆ ಮಾಡಿದ್ರು, ಅದರಲ್ಲಿದ್ದ ಮೋಶೆ ಕೋಖಾವಿ 1968 ಮತ್ತು 1969ರಲ್ಲಿ ರಬೂದ್‌ನಲ್ಲಿ ಅಗೆದು 1974ರಲ್ಲಿ ವರದಿ ಬರೆದ್ರು. ಗೋಡೆ ಕಟ್ಟಿದ ಊರು ಇತ್ತು, ಕ್ರಿ.ಪೂ. 14 ಮತ್ತು 13ನೇ ಶತಮಾನದ ಪದರಗಳಿದ್ವು, ಆ ಕಾಲದ ಸಮಾಧಿಗಳಿದ್ವು, ಆಮೇಲೆ ಯೂದ ರಾಜರ ಕಾಲದಲ್ಲೂ ಜನ ಇದ್ದ ಗುರುತಿತ್ತು. ದೆಬೀರ್‌ಗೆ ಬೇಕಾದ ವಯಸ್ಸು ಪೂರಾ ಇದೆ. ಸುತ್ತಲಿನ ಬೆಟ್ಟಗಳಲ್ಲಿ ಕಂಚಿನ ಯುಗದ ಕೊನೆಗೆ ಗೋಡೆ ಇದ್ದ ಊರುಗಳೇ ಅಪರೂಪ, ಅದೂ ಇದರ ಪಕ್ಷಕ್ಕೇ ಬರ್ತದೆ. ತಮಾಷೆ ಅಂದ್ರೆ ಆ ಸೀಮೆಯಲ್ಲಿ ಯಾರೇ ಅಗೆದ್ರೂ ಚೂರಿನ ವಯಸ್ಸು ಹೇಳೋಕೆ ಆಲ್‌ಬ್ರೈಟ್ ಬೇತ್ ಮಿರ್ಸಿಮ್‌ನಲ್ಲಿ ಕಟ್ಟಿಕೊಟ್ಟ ಲೆಕ್ಕದ ಮೇಲೇ ನಿಂತ್ಕೊಬೇಕು. ಹೆಸರು ಕೈಬಿಟ್ಟು ಹೋಯ್ತು, ಕೆಲಸ ಉಳೀತು.

ಈಗ ನಿಮ್ಮ ಕಥೆಗೆ ಬರೋಣ, ಯಾಕಂದ್ರೆ ನನಗೆ ಈ ವಾದದಲ್ಲಿ ಹೆಚ್ಚು ಹಿಡಿಸಿದ್ದು ಅದೇ. ಅಕ್ಷಾ ಕತ್ತೆಯಿಂದ ಇಳಿದು ನೀರು ಕೇಳಿದಾಗ ಕಾಲೇಬ ಅವಳಿಗೆ "ಮೇಲಿನ ಬುಗ್ಗೆ, ಕೆಳಗಿನ ಬುಗ್ಗೆ" ಎರಡನ್ನೂ ಕೊಟ್ಟ ಅಂತ 19ನೇ ವಚನ. ನಮ್ಮಲ್ಲಿ ಹಳ್ಳ, ಒರತೆ, ಕೆರೆ ಅಂತ ಕಾಲಿಟ್ಟಲ್ಲಿ ನೀರು ಇರೋದ್ರಿಂದ ಇದು ದೊಡ್ಡ ವಿಷಯ ಅನ್ನಿಸಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಸುರೀತದೆ, ಹೆಬ್ರೋನಿನ ದಕ್ಷಿಣದ ಆ ಬೆಟ್ಟಗಳಲ್ಲಿ ನಾನೂರು ಐನೂರರ ಆಸುಪಾಸು, ಅದೂ ಚಳಿಗಾಲದಲ್ಲಿ ಮಾತ್ರ. ಅಲ್ಲಿ ಮನೆಮನೆಗೆ ಬಂಡೆ ಕೊರೆದು ಮಳೆನೀರು ಹಿಡಿದಿಟ್ಟುಕೊಳ್ತಿದ್ರು. ಅಂಥ ಕಡೆ ಬತ್ತದ ನೀರು ಎರಡು ಅಕ್ಕಪಕ್ಕ, ಒಂದು ಮೇಲೆ ಒಂದು ಕೆಳಗೆ ಇರೋದು ಸಾಮಾನ್ಯ ಅಲ್ಲ. ಅದನ್ನ ಹೆಣ್ಣುಮಗಳಿಗೆ ಕೊಟ್ಟಿದಾರೆ ಅಂತ ಗ್ರಂಥದಲ್ಲಿ ಬರೆದಿಟ್ಟಿದಾರೆ ಅಂದ್ರೆ ಆ ನೀರು ಯಾರದ್ದು ಅನ್ನೋ ಹಕ್ಕಿನ ಮಾತು ಅದು ಅಂತ ನನ್ನ ಅಂದಾಜು.

ರಬೂದ್‌ನಿಂದ ಉತ್ತರಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಅಲಾಕಾ ಅನ್ನೋ ಕಡೆ ಎರಡು ಬಾವಿ ಇದಾವೆ. ಸುತ್ತಲಿನ ಜನ ಅವನ್ನ ಕರೆಯೋದು ಹೆಂಗೆ ಗೊತ್ತಾ, ಮೇಲಿನ ಅಲಾಕಾ, ಕೆಳಗಿನ ಅಲಾಕಾ. ಬೇತ್ ಮಿರ್ಸಿಮ್ ಹತ್ರ ಇಂಥ ಜೋಡಿ ಇಲ್ಲ, ಆಲ್‌ಬ್ರೈಟ್ ಅಲ್ಲಿನ ಬಾವಿಗಳನ್ನೇ ಬುಗ್ಗೆ ಅಂತ ಹೇಳಿ ಹೊಂದಿಸಿದ್ದ.

ಹಾಗಂತ ರಬೂದ್‌ಗೆ ತಕರಾರೇ ಇಲ್ಲ ಅಂತಲ್ಲ. ಮೂರು ಕಿಲೋಮೀಟರ್ ದೂರದ ನೀರು ಊರಿಗೆ ಸೇರಿದ್ದು ಅಂತ ಹೆಂಗೆ ಹೇಳ್ತೀರಿ ಅಂತ ಕೇಳೋರು ಇದಾರೆ. ನನಗೆ ಆ ತಕರಾರು ಅಷ್ಟು ಭಾರ ಅನ್ನಿಸಲ್ಲ, ಯಾಕಂದ್ರೆ ವಚನ ಓದಿ ನೋಡಿ, ಬುಗ್ಗೆ ಊರೊಳಗಿತ್ತು ಅಂತ ಎಲ್ಲೂ ಇಲ್ಲ, ಊರು ಬೇರೆ, ಬುಗ್ಗೆ ಬೇರೆಯಾಗಿ ಕೇಳಿ ತಗೊಂಡಿದ್ದು ಅಂತಲೇ ಇದೆ, ಊರ ಜೊತೆಗೇ ಬಂದಿದ್ರೆ ಅವಳು ಕತ್ತೆಯಿಂದ ಇಳಿದು ಕೇಳೋ ಅವಶ್ಯಕತೆ ಎಂತ ಇತ್ತು? ಅದಕ್ಕಿಂತ ಭಾರದ ತಕರಾರು, ದೆಬೀರ್ ಅನ್ನೋ ಹೆಸರು ರಬೂದ್‌ನ ಮಣ್ಣಲ್ಲಿ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ. ಹಾಗಾಗಿ ನಿಮ್ಮ ಮ್ಯಾಪಿನ ಚಿಹ್ನೆ ಇರಬೇಕಾದ್ದೇ. ಆ ಹುಡುಗಿಗೆ "ಹೆಬ್ರೋನಿನ ದಕ್ಷಿಣದ ಬೆಟ್ಟದಲ್ಲಿ, ಬಹುಶಃ ರಬೂದ್ ಅನ್ನೋ ಹಳ್ಳಿ ಹತ್ರ" ಅಂತ ಧೈರ್ಯವಾಗಿ ಹೇಳಿ. ಇನ್ನೊಂದು, ಅದೇ ಅಧ್ಯಾಯದ 7ನೇ ವಚನದಲ್ಲಿ ಇನ್ನೊಂದು ದೆಬೀರ್ ಬರ್ತದೆ, ಅದು ಗಡಿ ಹೇಳೋವಾಗ ಆಕೋರ್ ಕಣಿವೆ ಕಡೆ ಬರೋದು, ಬೇರೆ ಜಾಗ. ನಮ್ಮ ಜಿಲ್ಲೇಲಿ ಹೊಸೂರು ಅನ್ನೋ ಹೆಸರಿನ ಊರುಗಳು ಎಷ್ಟಿಲ್ಲ ಹೇಳಿ. ಗಟ್ಟಿ ಮಕ್ಕಳು ಯಾರಾದ್ರೂ ಹಿಡಿದು ಕೇಳಿದ್ರೆ ತಬ್ಬಿಬ್ಬಾಗಬೇಡಿ.

ಪ್ರಶ್ನೆ: ಹೋದ ಸಲ ನೀವು ಹಳೇ ಊರುಗಳ ಹೆಸರು ಜನರ ಬಾಯಲ್ಲಿ ಉಳೀತದೆ ಅಂತ ಬರೆದಿದ್ರಿ. ಹಾಗಾದ್ರೆ ಬೈಬಲ್ ಊರುಗಳಿಗೂ ಈಗಿನ ಹೆಸರು ಹೋಲಿಸಿ ನೋಡಿದ್ರೆ ಆಯ್ತಲ್ಲ, ಅಗೆಯೋ ಖರ್ಚು ಯಾಕೆ? – ಸಾಗರದ ಓದುಗರು

ಉತ್ತರ: ಹೋಲಿಕೆ ಒಳ್ಳೇ ಸುಳಿವು, ಆದ್ರೆ ಬರೀ ಸುಳಿವು ಮಾರಾಯ್ರೇ. ಹೆಸರು ನಿಂತ ಜಾಗದಲ್ಲಿ ನಿಲ್ಲಲ್ಲ, ಜನ ಎದ್ದು ಹೋದ ಕಡೆ ಅದೂ ಹೋಗ್ತದೆ. ಯೆರಿಕೋ ನೋಡಿ, ಈಗಿನ ಪಟ್ಟಣ ಅರೀಹಾ, ಹೆಸರು ಅದೇ, ಆದ್ರೆ ಹಳೇ ಊರಿನ ದಿಬ್ಬ ತೆಲ್ ಎಸ್ ಸುಲ್ತಾನ್ ಅಂತ ಬೇರೆ ಹೆಸರಲ್ಲಿ ಪಕ್ಕದಲ್ಲಿ ಕೂತಿದೆ. ಲಾಕೀಷ್ ಕಥೆ ಇನ್ನೂ ಚೆಂದ. ಉಮ್ಮ್ ಲಾಕಿಸ್ ಅಂತ ಒಂದು ಹಾಳೂರು ಇತ್ತು, ಹೆಸರು ಕೇಳಿದ್ರೆ ಯಾರಿಗಾದ್ರೂ ಇದೇ ಅನ್ನಿಸ್ತದೆ, ಆದ್ರೆ ನೆಲದ ಮೇಲೆ ರೋಮನ್ ಕಾಲಕ್ಕಿಂತ ಹಿಂದಿನದ್ದು ಹೇಳೋ ಹಂಗೆ ಎಂತದೂ ಇಲ್ಲ. ಆಮೇಲೆ ಹತ್ತಿರದ ತೆಲ್ ಎಲ್ ಹೆಸಿ ಅಂದ್ರು, ಪೆಟ್ರಿ 1890ರಲ್ಲಿ ಅಗೆದದ್ದು ಲಾಕೀಷ್ ಅಂದ್ಕೊಂಡೇ. ಕೊನೆಗೆ 1929ರಲ್ಲಿ ಆಲ್‌ಬ್ರೈಟ್, ಅದೇ ನಮ್ಮ ಆಲ್‌ಬ್ರೈಟ್, ತೆಲ್ ಎದ್ ದುವೈರ್ ಅನ್ನೋ ಬೇರೆ ದಿಬ್ಬ ತೋರಿಸಿದ, ಆ ಹೆಸರಿಗೂ ಲಾಕೀಷ್‌ಗೂ ಒಂದಕ್ಷರದ ಸಂಬಂಧ ಇಲ್ಲ, ಆದ್ರೆ ಈಗ ಹೆಚ್ಚುಕಮ್ಮಿ ಎಲ್ಲರೂ ಒಪ್ಪೋದು ಅದನ್ನೇ. ದೆಬೀರ್‌ನಲ್ಲಿ ಎಡವಿದ ಮನುಷ್ಯ ಲಾಕೀಷ್‌ನಲ್ಲಿ ಗೆದ್ದ.

ಹೆಸರು ಕೇಳೋದರಲ್ಲೂ ಒಂದು ಜಾಣತನ ಬೇಕು. ರಾಬಿನ್‌ಸನ್ ಮತ್ತು ಸ್ಮಿತ್ ದಾರಿಯಲ್ಲಿ ಸಿಕ್ಕವರನ್ನ ಬೈಬಲ್ ಊರಿನ ಹೆಸರು ಹಿಡಿದು "ಇದು ಗಿಬ್ಯೋನಾ?" ಅಂತ ಕೇಳ್ತಿರಲಿಲ್ಲ. ಹಂಗೆ ಕೇಳಿದ್ರೆ ಪರದೇಶಿಯವನು ಪಾಪ ಏನೋ ಹುಡುಕ್ತಿದಾನೆ ಅಂತ ಮರ್ಯಾದೆಗೆ "ಹೌದು" ಅಂದುಬಿಡ್ತಾರೆ. ಅದಕ್ಕೆ ಬೆಟ್ಟದ ತುದಿಗೆ ಹತ್ತಿ ಅಲ್ಲಿಯವರ ಹತ್ರ ಕಾಣೋ ಒಂದೊಂದು ಊರಿನ ಹೆಸರೂ ಅವರ ಬಾಯಿಂದಲೇ ಹೇಳಿಸಿ ಬರ್ಕೊಳ್ತಿದ್ರು. ಈಗ ಊರೂರು ತಿರುಗಿ ವಿಡಿಯೋ ಮಾಡೋ ನಮ್ಮ ಕೆಲವು ಹುಡುಗರು ಮೈಕ್ ಹಿಡಿದು "ಅಜ್ಜಾ, ಇದು ಕದಂಬರ ಊರಲ್ವಾ?" ಅಂತ ಕೇಳೋದು, ಅಜ್ಜ "ಹೂಂ ಹೂಂ" ಅನ್ನೋದು, ಕೆಳಗೆ ದೊಡ್ಡ ಅಕ್ಷರದಲ್ಲಿ ಪತ್ತೆಯಾಯ್ತು ಅಂತ ಹಾಕೋದು ನೋಡಿದಾಗ ಆ ಇಬ್ಬರು ನೆನಪಾಗ್ತಾರೆ.

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಇತಿಹಾಸ ಡಿಗ್ರಿ ಮಾಡ್ತಿದೀನಿ. ಊರಿನ ಹೆಸರು ಬರೆದಿರೋ ಶಾಸನವೇ ಸಿಕ್ಕ ಬೈಬಲ್ ಊರು ಯಾವುದಾದ್ರೂ ಇದ್ಯಾ? ಮತ್ತೆ ಹಂಗೆ ಸಿಕ್ರೆ ಬೈಬಲ್ಲಲ್ಲಿ ಇರೋದೆಲ್ಲ ನಡೆದಿದ್ದು ನಿಜ ಅಂತ ಆಗ್ತದಾ?

ಉತ್ತರ: ಇದಾವೆ. ಗೆಜೆರ್ ಮೊದಲು ಹೇಳ್ಬೇಕು. ಫ್ರೆಂಚ್ ವಿದ್ವಾಂಸ ಕ್ಲೆರ್ಮೋ ಗಾನೋ ಹಳೇ ಅರಬ್ಬಿ ಇತಿಹಾಸವೊಂದರಲ್ಲಿ ತೆಲ್ ಜಝರ್ ಅನ್ನೋ ಹೆಸರು ನೋಡಿ ಜಾಗ ಇದೇ ಇರಬೇಕು ಅಂತ 1871ರ ಹೊತ್ತಿಗೆ ಹೇಳಿದ್ದ, ಆಮೇಲೆ 1874ರಲ್ಲಿ ಆ ದಿಬ್ಬದ ಹೊರಗೆ ಬಂಡೆ ಮೇಲೆ "ಗೆಜೆರ್ ಗಡಿ" ಅಂತ ಹೀಬ್ರೂನಲ್ಲಿ ಕೆತ್ತಿದ್ದು ಸಿಕ್ತು, ಅಂಥದ್ದು ಒಂದಲ್ಲ ಹಲವು. ಗಿಬ್ಯೋನ್ ವಿಷಯದಲ್ಲಿ ರಾಬಿನ್‌ಸನ್ 1838ರಲ್ಲೇ ಎಲ್ ಜಿಬ್ ಅಂದಿದ್ದ, 1956ರಿಂದ ಜೇಮ್ಸ್ ಪ್ರಿಚರ್ಡ್ ಅಗೆದಾಗ ಗಿಬ್ಯೋನ್ ಅಂತ ಗೀರಿದ ಜಾಡಿ ಹಿಡಿಗಳು 31 ಸಿಕ್ವು. ಫಿಲಿಷ್ಟಿಯರ ಎಕ್ರೋನ್‌ಗೆ 1996ರಲ್ಲಿ ತೆಲ್ ಮಿಕ್ನೆಯಲ್ಲಿ ದೇವಸ್ಥಾನದ ಕಲ್ಲು ಸಿಕ್ತು, ಅದರಲ್ಲಿ ಊರಿನ ಹೆಸರು, ಕಟ್ಟಿಸಿದ ಅರಸನ ಹೆಸರು, ಅವನಪ್ಪನ ಹೆಸರು ಎಲ್ಲ ಇದೆ. ಅಂಥದ್ದೊಂದು ಸಿಕ್ರೆ ವಾದ ಮುಗಿದಂಗೆ.

ಉಲ್ಟಾ ಕೂಡ ಆಗ್ತದೆ. ಕ್ರಿ.ಪೂ. 8ನೇ ಶತಮಾನದ ಕೊನೆಯ ಯೂದ ರಾಜ್ಯದ ಜಾಡಿ ಹಿಡಿಗಳ ಮೇಲೆ "ರಾಜನಿಗೆ" ಅಂತ ಮುದ್ರೆ ಇರ್ತದೆ, ಜೊತೆಗೆ ನಾಲ್ಕು ಊರುಗಳಲ್ಲಿ ಒಂದರ ಹೆಸರು. ಹೆಬ್ರೋನ್, ಸೋಕೋ, ಜೀಫ್ ಮೂರೂ ಗೊತ್ತಿರೋವು. ನಾಲ್ಕನೇದು ಮ ಮ ಶ ತ ಅಂತ ನಾಲ್ಕು ವ್ಯಂಜನ, ಅದು ಬೈಬಲ್ಲಲ್ಲೂ ಇಲ್ಲ, ನೆಲದ ಮೇಲೂ ಪತ್ತೆ ಇಲ್ಲ. ಶಾಸನ ಇದೆ, ಊರಿಲ್ಲ! 2019ರಲ್ಲಿ ದಾವೀದ ಇದ್ದ ಚಿಕ್ಲಗ್ ಸಿಕ್ತು ಅಂತ ಎಲ್ಲಾ ಕಡೆ ಸುದ್ದಿ ಬಂತಲ್ಲ, ಖಿರ್ಬೆತ್ ಅರ್ ರಾಯಿ ಅಂತ, ಅಲ್ಲಿ ಹೆಸರಿನ ಬರಹ ಸಿಕ್ಕಿರಲಿಲ್ಲ, ಬೇರೆ ದಿಬ್ಬಗಳನ್ನ ಚಿಕ್ಲಗ್ ಅನ್ನೋ ವಿದ್ವಾಂಸರು ಅದನ್ನ ಒಪ್ಪಿಲ್ಲ.

ಎರಡನೇ ಪ್ರಶ್ನೆಗೆ ಉತ್ತರ, ಇಲ್ಲ. ಊರು ಇತ್ತು ಅಂತ ಗೊತ್ತಾದ್ರೆ ಊರು ಇತ್ತು ಅಂತ ಅಷ್ಟೇ. ಅಲ್ಲಿ ಕಥೆಯಲ್ಲಿ ಹೇಳಿದ್ದು ನಡೆದಿದ್ಯಾ ಇಲ್ವಾ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು. ದೆಬೀರನ್ನೇ ತಗೊಳ್ಳಿ, 10ನೇ ಅಧ್ಯಾಯದಲ್ಲಿ ಗೆದ್ದವನು ಯೆಹೋಶುವ, 15ರಲ್ಲಿ ಒತ್ನೀಯೇಲ, ಗ್ರಂಥದೊಳಗೇ ಎರಡು ಮಾತಿದೆ, ಮಡಕೆ ಚೂರು ಅದನ್ನ ಬಗೆಹರಿಸಲ್ಲ. ಆದ್ರೆ ಊರಪಟ್ಟಿ ಮಾತ್ರ ನೆಲಕ್ಕೆ ಚೆನ್ನಾಗಿ ಕೂರ್ತದೆ. ಅದು ಯಾವುದೋ ರಾಜನ ಕಾಲದ ಆಡಳಿತದ ಪಟ್ಟಿಯಿಂದ ಬಂದಿದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ, ಯಾವ ರಾಜ ಅನ್ನೋದರಲ್ಲಿ ಅವರಿಗೆ ಒಮ್ಮತ ಇಲ್ಲ. ನಮ್ಮ ಶಾಸನಗಳಲ್ಲಿ ಬನವಾಸಿ ಹನ್ನೆರಡು ಸಾವಿರ, ಸಾಂತಳಿಗೆ ಸಾವಿರ, ನಾಗರಖಂಡ ಎಪ್ಪತ್ತು ಅಂತ ನಾಡಿನ ಲೆಕ್ಕ ಬರೋದು ನೀವು ಓದಿರ್ತೀರಿ, ಇತಿಹಾಸ ಬರೆಯೋರಿಗೆ ಯುದ್ಧದ ಪದ್ಯಕ್ಕಿಂತ ಇಂಥ ಒಣ ಸಾಲೇ ಹೆಚ್ಚು ಉಪಯೋಗಕ್ಕೆ ಬರೋದು.

ಪ್ರಶ್ನೆ: ಸೊರಬ ತಾಲ್ಲೂಕಿನಿಂದ ಬರೀತಿದೀನಿ. ನಮ್ಮ ತೋಟದ ಹಿಂದೆ ಕಾನಿನಲ್ಲಿ ಒಂದು ಹಾಳೂರಿದೆ, ಮಡಕೆ ಚೂರು, ಪಂಚಾಂಗದ (ಅಡಿಪಾಯದ) ಕಲ್ಲು, ಒಂದು ವೀರಗಲ್ಲು ಬಿದ್ದಿದೆ. ಊರಿನ ಹೆಸರು ಯಾರಿಗೂ ಗೊತ್ತಿಲ್ಲ. ನೀವು ಹೇಳೋ ಈ ತರ ಇದನ್ನೂ ಪತ್ತೆ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು, ನಿಮ್ಮ ಕೆಲಸ ದೆಬೀರಿಗಿಂತ ಸುಲಭ, ಯಾಕಂದ್ರೆ ಯೂದದ ಬೆಟ್ಟಗಳಲ್ಲಿ ಶಾಸನ ಅನ್ನೋದು ಬರಗಾಲ, ನಮ್ಮ ಕಡೆ ದೇವಸ್ಥಾನದ ಅಂಗಳಕ್ಕೊಂದು, ಕೆರೆ ಏರಿಗೊಂದು ಕಲ್ಲು ನಿಂತಿದೆ. ಮೊದಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ನೋಡಿ, ಬೇಚರಾಕ್ ಗ್ರಾಮ ಅಂತ ಬರೆದಿರೋವು ಇರ್ತಾವೆ, ಅಂದ್ರೆ ದಾಖಲೆಯಲ್ಲಿ ಹೆಸರಿದೆ, ಜನ ಇಲ್ಲ. ಎಷ್ಟೋ ಸಲ ಅಷ್ಟಕ್ಕೇ ಹೆಸರು ಸಿಕ್ಕಿಬಿಡ್ತದೆ. ಸಿಗದಿದ್ರೆ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ 8ನೇ ಸಂಪುಟ, 1904ರಲ್ಲಿ ಬಂದಿದ್ದು, ಸೊರಬ, ಸಾಗರ, ನಗರ, ತೀರ್ಥಹಳ್ಳಿ ಶಾಸನಗಳೆಲ್ಲ ಅದರಲ್ಲಿದಾವೆ. ಶಿವಮೊಗ್ಗ, ಶಿಕಾರಿಪುರದ್ದು 7ನೇ ಸಂಪುಟ, 1902. ತಾಳಗುಂದದ ಕಂಬದ ಶಾಸನ ಅದರಲ್ಲೇ ಶಿಕಾರಿಪುರ 176ನೇ ನಂಬರು, ಇಂಥ ಶಾಸನ ಓದಿಯೇ ತಾಳಗುಂದದ ಹಳೇ ಹೆಸರು ಸ್ಥಾನಕುಂದೂರು ಅಂತ ನಾವೀಗ ಹೇಳೋದು.

ಓದೋವಾಗ ನಿಮ್ಮ ಪಕ್ಕದ, ಈಗಲೂ ಜನ ಇರೋ ನಾಲ್ಕಾರು ಊರುಗಳ ಹೆಸರು ಎಲ್ಲೆಲ್ಲಿ ಬರ್ತದೆ ಹುಡುಕಿ. ದಾನಶಾಸನದಲ್ಲಿ ಗದ್ದೆ ಕೊಟ್ಟಲ್ಲೆಲ್ಲ ಮೂಡಲು ಇಂಥದ್ದು, ಪಡುವಲು ಇಂಥದ್ದು ಅಂತ ಎಲ್ಲೆ ಹೇಳಿರ್ತಾರೆ. ಅಲ್ಲಿ ಗೊತ್ತಿರೋ ಊರುಗಳ ನಡುವೆ ಈಗ ಇಲ್ಲದ ಒಂದು ಹೆಸರು ಬಂತು ಅಂದ್ರೆ ಅದನ್ನ ಬರೆದಿಟ್ಕೊಳ್ಳಿ, ಬೇರೆ ಶಾಸನದಲ್ಲೂ ಅದೇ ದಿಕ್ಕಿಗೆ ಬರ್ತದಾ ನೋಡಿ. ಆಮೇಲೆ ನಿಮ್ಮ ವೀರಗಲ್ಲು. ಅದರ ಪಟ್ಟಿಕೆಗಳ ನಡುವೆ ಅಕ್ಷರ ಇದ್ರೆ ತುರುಗೊಳ್ ಕಾಳಗದಲ್ಲಿ, ಅಂದ್ರೆ ದನ ಹೊಡ್ಕೊಂಡು ಹೋಗೋ ಜಗಳದಲ್ಲಿ, ಇಂಥ ಊರಿನ ಇಂಥವನು ಸತ್ತ ಅಂತ ಇರ್ತದೆ, ಊರ ಹೆಸರು ಅಲ್ಲೇ ಇರಬಹುದು. ಪಾಚಿ ಕಟ್ಟಿದ್ರೆ ಕತ್ತಿ, ಉಳಿ, ಆಸಿಡ್ ಎಂತದೂ ಹಾಕಬೇಡಿ, ನೀರಲ್ಲಿ ನೆನೆಸಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಸಂಜೆ ಹೊತ್ತು ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೀರಿ, ಅಕ್ಷರ ಎದ್ದು ಕಾಣ್ತದೆ.

ಅಗೆಯೋಕೆ ಮಾತ್ರ ಹೋಗಬೇಡಿ. ಲೈಸೆನ್ಸ್ ಇಲ್ಲದೆ ಉತ್ಖನನ ಮಾಡೋ ಹಾಗಿಲ್ಲ, ಅಕಸ್ಮಾತ್ ತೋಟದ ಕೆಲಸದಲ್ಲಿ ನಾಣ್ಯ ಗೀಣ್ಯ ಸಿಕ್ರೆ ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಧಿ ಕಳ್ಳರು ಈಗಾಗಲೇ ಸುತ್ತಮುತ್ತ ಎಷ್ಟು ಕಲ್ಲು ಒಡೆದಿದಾರೆ ನಿಮಗೇ ಗೊತ್ತು, ಹಾಗಾಗಿ ಕಲ್ಲಿನ ಜಾಗ ವಾಟ್ಸಾಪ್ ಗ್ರೂಪಲ್ಲಿ ಹಾಕಬೇಡಿ. ಚೂರುಗಳನ್ನ ಇದ್ದಲ್ಲೇ ಬಿಟ್ಟು ಫೋಟೋ ತೆಗೆದು, ಕಲ್ಲಿನ ಅಕ್ಷರದ ಫೋಟೋನೂ ಸೇರಿಸಿ, ಪಕ್ಕದ ಊರುಗಳ ಹೆಸರು ಬರೆದು ಕಳಿಸಿ. ಅಕ್ಷರ ಓದೋ ಹಂಗಿದ್ರೆ ಮುಂದಿನ ಸಂಚಿಕೆಯಲ್ಲಿ ಕೂತು ನೋಡೋಣ.